ಅಂಚಿಗೆ ಮಾತ್ರ ನಾರು

ಕಳೆದ ವಾರ ನಮ್ಮ ಅಡುಗೆಮನೆಯ ಕಪಾಟು ಬದಲಾಯಿಸಲು ಬಡಗಿ ಬಂದಿದ್ದ. ಅವನ ಗರಗಸದ ಮೆಷಿನ್ನು ಹಲಗೆಗೆ ತಾಗಿದ್ದೇ ತಡ, ಮನೆಯೆಲ್ಲ ವಾಸನೆ ಹರಡಿತು. ಸುಟ್ಟ ಅಂಟಿನ ವಾಸನೆ. ಕಣ್ಣು ಉರಿಸುವ, ಗಂಟಲಿಗೆ ಹಿಡಿಯುವ ವಾಸನೆ. ನಾನು ಕೈಯಲ್ಲಿದ್ದ ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಎದುರುಮನೆ ಅಕ್ಕನ ಸೀರೆಯಿಂದ ಸದಾ ಬರುತ್ತಿದ್ದ ವಾಸನೆ ಅದು.

"ಇದು ಮಾಮೂಲಿ ಪ್ಲೈವುಡ್ ಅಲ್ಲ ಮೇಡಂ. ಒಳಗೆ ನಾರು ಕೂರ್ಸಿರೋದು. ಬಗ್ಗಲ್ಲ, ಮುರಿಯಲ್ಲ. ಫಾರಿನ್ ಐಡಿಯಾ" ಅಂದ ಬಡಗಿ.

"ಅಲ್ಲ" ಅಂದೆ. ಅಂದದ್ದು ಜೋರಾಯಿತೇನೋ, ಅವನು ಮೆಷಿನ್ನು ನಿಲ್ಲಿಸಿ ನನ್ನ ಮುಖ ನೋಡಿದ. ಅವನಿಗೆ ಏನೆಂದು ಹೇಳುವುದು? ಹೇಳಬೇಕಾದವರಿಗೇ ಹೇಳಿ ಮುಗಿಸಿದ್ದೇನೆ. ಕೇಳಿಸಿಕೊಂಡವರು ಯಾರೂ ಇಲ್ಲ.

ಹಾಸನದ ಈ ಬೀದಿಗೆ ನಾವು ಮನೆ ಮಾಡಿಕೊಂಡು ಬಂದಾಗ ಅಕ್ಕ ಎದುರುಮನೆಯಲ್ಲಿ ಆಗಲೇ ಇದ್ದರು. ಖಾಸಗಿ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದರು. ಹುಟ್ಟೂರು ಶ್ರವಣಬೆಳಗೊಳದ ಪಕ್ಕದ ಜಿನನಾಥಪುರ. ಮದುವೆಯಾಗಿರಲಿಲ್ಲ. ಏಕೆ ಎಂದು ಬೀದಿಯವರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿದ್ದರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಅಭ್ಯಾಸ ಅವರದು. ಕಾಲೇಜಿನಿಂದ ಸ್ಕೂಟರಿನಲ್ಲಿ ಬಿರುಗಾಳಿಯಂತೆ ಬಂದು, ಗೇಟನ್ನು ಕಾಲಿನಲ್ಲೇ ತಳ್ಳಿ, ಒಳಗೆ ಹೋಗಿ ತಟ್ಟೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ನಮ್ಮ ಜಗಲಿಯ ಮೇಲೆ ಬಂದು ಕೂರುವರು. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು, ಅವರು ಹಲಗೆ ಮುರಿಯುವವರು. ಆದರೂ ನಮಗೆ ಮಾತು ಮುಗಿಯುತ್ತಿರಲಿಲ್ಲ...

ಹಲಗೆ ಮುರಿಯುವವರು ಎಂದದ್ದು ತಮಾಷೆಗಲ್ಲ. ಅವರ ಕೆಲಸವೇ ಅದಾಗಿತ್ತು. ನಮ್ಮ ಕಡೆ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದ ತೆಳು ಪದರಗಳನ್ನು ಅಂಟಿಸಿ ಅಗ್ಗದ ಪ್ಲೈವುಡ್ ಮಾಡುತ್ತಾರಲ್ಲ, ಅದು ಭಾರಕ್ಕೆ ಬಗ್ಗುತ್ತದೆ, ವರ್ಷ ಕಳೆದರೆ ಬಿರುಕು ಬಿಡುತ್ತದೆ. ಆ ಪದರಗಳ ನಡುವೆ ಕತ್ತಾಳೆ ನಾರು ಕೂರಿಸಿದರೆ ಹೇಗೆ ಎಂಬುದು ಅಕ್ಕನ ಹುಚ್ಚು. ಚನ್ನರಾಯಪಟ್ಟಣದ ಕಡೆ ಹೊಲದ ಬೇಲಿಗಳಲ್ಲಿ ಯಾರಿಗೂ ಬೇಡವಾಗಿ ಬೆಳೆದಿರುವ ಕತ್ತಾಳೆ. ಅದರ ನಾರನ್ನು ತರಿಸಿ, ಕ್ಷಾರದ ನೀರಿನಲ್ಲಿ ತೊಳೆದು, ಒಣಗಿಸಿ, ಬಾಚಿ, ಅಂಟಿನಲ್ಲಿ ಪೂರ್ತಿ ನೆನೆಸಿ, ಹಲಗೆಯ ಕೆಳಮೈಗೆ ಹತ್ತಿರವಾಗಿ ಇಟ್ಟು ಬಿಸಿಯಲ್ಲಿ ಒತ್ತುತ್ತಿದ್ದರು.

"ಕೆಳಗೇ ಏಕೆ?" ಎಂದು ಒಮ್ಮೆ ಕೇಳಿದ್ದೆ. ನಮ್ಮ ಮಗಳ ರಬ್ಬರ್ ತೆಗೆದುಕೊಂಡು ಅದರ ಬದಿಯ ಮೇಲೆ ಪೆನ್ನಿನಲ್ಲಿ ಗೆರೆಗಳನ್ನು ಎಳೆದು ಬಗ್ಗಿಸಿ ತೋರಿಸಿದರು. ಮೇಲಿನ ಗೆರೆಗಳು ಹತ್ತಿರವಾದವು, ಕೆಳಗಿನವು ದೂರ ಸರಿದವು.

"ನೋಡು, ಭಾರ ಬಿದ್ದಾಗ ಕೆಳಮೈಯನ್ನ ಎರಡೂ ಕಡೆಯಿಂದ ಎಳೆದಂಗೆ ಆಗತ್ತೆ. ಹಲಗೆ ಬಾಯಿ ಬಿಡೋದು ಅಲ್ಲಿಂದಾನೇ. ಮರಕ್ಕೆ ಹಿಡ್ಕೊಳೋಕೆ ಆಗ್ದೇ ಇದ್ದಾಗ ನಾರು ಹಿಡ್ಕೊಳತ್ತೆ. ಅಷ್ಟೇ ಕಣೇ. ಇದ್ರಲ್ಲಿ ಮಹಾ ಏನೂ ಇಲ್ಲ."

ಮಹಾ ಏನೂ ಇಲ್ಲ ಎಂದ ಅದೇ ಕೆಲಸಕ್ಕೆ ಅವರು ತಮ್ಮ ಸಂಜೆಗಳನ್ನು, ರಜೆಗಳನ್ನು, ಕಣ್ಣುಗಳನ್ನು ಕೊಟ್ಟಿದ್ದರು. ಅಂಟಿನ ಆವಿಗೆ ಕಣ್ಣು ಯಾವಾಗಲೂ ಕೆಂಪು. ಹಲಗೆ ಗೆದ್ದ ದಿನ, ಅಂದರೆ ಮಾಮೂಲಿ ಹಲಗೆ ಮುರಿಯುವ ಭಾರಕ್ಕೆ ಇದು ಬರೀ ಬಗ್ಗಿ ಮತ್ತೆ ನೆಟ್ಟಗಾದ ದಿನ, ಸ್ಕೂಟರಿನಿಂದ ಇಳಿಯುವ ಮುಂಚೆಯೇ ನನ್ನನ್ನು ಕೂಗಿದ್ದರು. ಬೀದಿಯವರೆಲ್ಲ ಏನಾಯಿತೋ ಎಂದು ಹೊರಗೆ ಬಂದಿದ್ದರು.

ಅವರ ಕಾಲೇಜಿನ ಆಡಳಿತ ಮಂಡಳಿಯ ಕಾರ್ಯದರ್ಶಿಗೆ ಈ ಸುದ್ದಿ ಮುಟ್ಟಿತು. ಅವರದೇ ಸಂಸ್ಥೆಗೆ ಸೇರಿದ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದು ಹೊಳೆನರಸೀಪುರದಲ್ಲಿತ್ತು. ಒಂದರ ಮೇಲೊಂದು ಇರುವ ಮಂಚಗಳನ್ನು ಅಲ್ಲಿ ಹೊಸದಾಗಿ ಹಾಕಿಸಬೇಕಿತ್ತು. ಮೇಡಂ ಅವರ ಹಲಗೆಯನ್ನೇ ಹಾಕಿಸೋಣ, ಸಂಸ್ಥೆಗೂ ಹೆಸರು ಎಂದರು ಕಾರ್ಯದರ್ಶಿ. ಅಕ್ಕ ಕುಣಿದಾಡಿದರು. ಮಾಡುವ ವಿಧಾನವನ್ನು ಏನೂ ಮುಚ್ಚಿಡದೆ ಹೇಳಿಕೊಟ್ಟರು. ಕೆಲಸ ಹಿಡಿದವನು ಕಾರ್ಯದರ್ಶಿಯ ಭಾವಮೈದ, ಕಂಟ್ರಾಕ್ಟರ್.

ಹಲಗೆ ಒತ್ತುವ ಜಾಗಕ್ಕೆ ಅಕ್ಕನನ್ನು ಅವನು ಒಮ್ಮೆಯೂ ಬಿಟ್ಟುಕೊಳ್ಳಲಿಲ್ಲ. ಇವತ್ತು ಕರೆಂಟಿಲ್ಲ, ನಾಳೆ ಕೆಲಸದವರಿಲ್ಲ ಎಂದು ನೆಪ ಹೇಳಿದ. ಕೊನೆಗೆ ತಯಾರಾದ ಹಲಗೆಗಳನ್ನು ಕಾಲೇಜಿನ ಅಂಗಳದಲ್ಲಿ ಪೇರಿಸಿ ತೋರಿಸಿದ. ಮೇಲೂ ಕೆಳಗೂ ಹೊಳೆಯುವ ಹಾಳೆ ಅಂಟಿಸಿದ್ದ. ಪಕ್ಕದಿಂದ ನೋಡಿದರೆ ಪ್ರತಿ ಹಲಗೆಯ ಅಂಚಿನಲ್ಲೂ ಕತ್ತಾಳೆ ನಾರಿನ ಬಿಳಿ ಗೆರೆ ಕಾಣುತ್ತಿತ್ತು. ಅಕ್ಕ, "ಒಂದನ್ನ ಅರ್ಧಕ್ಕೆ ಕೊಯ್ಸಿ, ಒಳಗೆ ನೋಡ್ಬೇಕು" ಎಂದರಂತೆ. "ಆಯ್ತು ಮೇಡಂ, ಸೋಮವಾರ ಕೊಯ್ಸಣ" ಎಂದನಂತೆ. ಸೋಮವಾರ ಹೋಗಿ ನೋಡಿದರೆ ಅಂಗಳ ಖಾಲಿ. ಹಲಗೆಗಳು ಆಗಲೇ ಹೊಳೆನರಸೀಪುರದಲ್ಲಿ ಮಂಚವಾಗಿ ಕೂತಿದ್ದವು.

ಆ ಸಂಜೆ ಅಕ್ಕ ನಮ್ಮ ಜಗಲಿಯಿಂದಲೇ ಕಾರ್ಯದರ್ಶಿಗೆ ಫೋನು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. "ಸರ್, ಪರೀಕ್ಷೆ ಆಗ್ದೇ ಮಕ್ಕಳನ್ನ ಮಲಗಿಸ್ಬೇಡಿ. ನಾನು ಒಪ್ಪಿಗೆ ಕೊಟ್ಟಿಲ್ಲ" ಎಂದರು. ಆ ಕಡೆಯಿಂದ ನಗು ಕೇಳಿಸಿತು. "ನಿಮ್ದೇ ಹಲಗೆ, ನಿಮ್ಗೇ ನಂಬಿಕೆ ಇಲ್ವಾ ಮೇಡಂ?" ಎಂಬ ಮಾತೂ ಕೇಳಿಸಿತು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ರಜೆ ಮುಗಿದು ಹಾಸ್ಟೆಲ್ ತೆರೆದ ಸ್ವಲ್ಪ ದಿನಕ್ಕೇ ಅದು ಆಯಿತು. ಸಂಜೆ ಓದುವ ಹೊತ್ತು. ಮೇಲಿನ ಮಂಚದಲ್ಲಿ ಹುಡುಗಿಯರು ಗುಂಪಾಗಿ ಕೂತು ಹರಟುತ್ತಿದ್ದರು. ಕೆಳಗಿನ ಮಂಚದಲ್ಲಿ ಅರಕಲಗೂಡಿನ ಕಡೆಯ ಹಳ್ಳಿಯೊಂದರ ಪಿಯುಸಿ ಹುಡುಗಿ ಬೋರಲು ಮಲಗಿ ಓದುತ್ತಿದ್ದಳು. ಹಲಗೆ ನಡುವಿನಲ್ಲಿ ಮುರಿದು, ಮೇಲಿದ್ದವರೆಲ್ಲ ಅವಳ ಬೆನ್ನ ಮೇಲೆ ಬಿದ್ದರು. ಉಳಿದವರಿಗೆ ತರಚು ಗಾಯ. ಅವಳಿಗೆ ಬೆನ್ನುಮೂಳೆ...

ಮರುದಿನದ ಪೇಪರಿನಲ್ಲಿ 'ನಾರಿನ ಹಲಗೆ ಕುಸಿತ' ಎಂದು ಬಂತು. ಕಂಟ್ರಾಕ್ಟರನ ಸುದ್ದಿಯೇ ಇಲ್ಲ. ಕಾಲೇಜಿನ ಉಪನ್ಯಾಸಕಿಯೊಬ್ಬರ ಪ್ರಯೋಗ ವಿಫಲವಾಯಿತು, ಸಂಸ್ಥೆ ವಿಷಾದಿಸುತ್ತದೆ ಎಂದು ಕಾರ್ಯದರ್ಶಿ ಹೇಳಿಕೆ ಕೊಟ್ಟಿದ್ದರು. ಪೇಪರನ್ನು ಓದಿದ ಅಕ್ಕ ಸ್ಕೂಟರ್ ತೆಗೆದರು. ನಾನು ಶಾಲೆಗೆ ರಜೆ ಹೇಳಿ ಹಿಂದೆ ಕೂತೆ.

ಹಾಸ್ಟೆಲ್ಲಿನಲ್ಲಿ ಮುರಿದ ಹಲಗೆ ಇರಲಿಲ್ಲ. ಮಿಕ್ಕವೂ ಇರಲಿಲ್ಲ. ಬರೀ ಕಬ್ಬಿಣದ ಚೌಕಟ್ಟುಗಳು ಗೋಡೆಗೆ ಒರಗಿದ್ದವು.

"ಎಲ್ರೀ ಹಲಗೆ?" ಎಂದರು ಅಕ್ಕ.

"ಅದಾ ಮೇಡಂ? ಮುರಿದಿದ್ದನ್ನ ಹಂಡೆ ಒಲೆಗೆ ಹಾಕ್ಬಿಟ್ವಿ. ಮಿಕ್ಕಿದ್ದನ್ನ ಕಂಟ್ರಾಕ್ಟರ್ ಬೆಳಗ್ಗೇನೇ ಲಾರೀಲಿ ತುಂಬಿಸ್ಕೊಂಡು ಹೋದ್ರು" ಎಂದರು ವಾರ್ಡನ್, ನಮ್ಮ ಕಣ್ಣು ತಪ್ಪಿಸಿ.

ಒಂದು ಮಗುವಿನ ಬೆನ್ನು ಮುರಿದ ಹಲಗೆಯಲ್ಲಿ ನೀರು ಕಾಯಿಸಿಕೊಂಡು ಸ್ನಾನ ಮಾಡಿದ್ದರು! ಅಕ್ಕ ಅಂಗಳದ ಕಟ್ಟೆಯ ಮೇಲೆ ಕೂತರು. ಆಗ ಅಡುಗೆಯಾಕೆ ನೀರು ತಂದುಕೊಡುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದಳು.

"ಒಂದೈತೆ ಕಣವ್ವ, ಉಗ್ರಾಣದಲ್ಲಿ. ಮಂಚಕ್ಕೆ ಆಕಿ ಮಿಕ್ಕಿತ್ತು. ಅಕ್ಕಿ ಮೂಟೆಗೆ ನೆಲದ ಥಂಡಿ ತಾಗ್ತದೆ ಅಂತ ಕೆಳೀಕೆ ಆಕ್ಕೊಂಡಿವ್ನಿ. ತಕೊಂಡೋಗಿ. ನಾನ್ ಕೊಟ್ಟೆ ಅಂತ ಮಾತ್ರ ಅನ್ಬ್ಯಾಡಿ, ನನ್ ಕೆಲ್ಸ ಓಯ್ತದೆ."

ಗೂಡ್ಸ್ ಆಟೋದಲ್ಲಿ ಹಲಗೆ ಹಾಕಿಸಿಕೊಂಡು ಹಾಸನಕ್ಕೆ ಬಂದೆವು. ಕಾಲೇಜಿನ ಅವರ ಪ್ರಯೋಗದ ಕೊಠಡಿಗೆ ಅಷ್ಟರಲ್ಲಿ ಬೀಗ ಬಿದ್ದಿತ್ತು. ಒಂದು ಸಾಮಿಲ್ಲಿಗೆ ಹೋಗಿ ಕೊಯ್ಯಿಸಿದೆವು. ಗರಗಸ ಹಲಗೆಯ ನಡುವೆ ಹಾದುಹೋಗಿ ಎರಡು ಹೋಳಾಯಿತು. ಅಕ್ಕ ಬಗ್ಗಿ ನೋಡಿದರು. ನಾನೂ ನೋಡಿದೆ. ಅಂಚಿನಿಂದ ನಾಲ್ಕು ಬೆರಳಿನಷ್ಟು ಅಗಲಕ್ಕೆ ಸುತ್ತ ಕತ್ತಾಳೆ ನಾರು. ಅದರಾಚೆ ಏನೂ ಇಲ್ಲ. ನಾರೂ ಇಲ್ಲ, ಸಿಲ್ವರ್ ಓಕಿನ ಪದರವೂ ಇಲ್ಲ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ತುಂಬಿದ್ದರು. ಬೆರಳಿನಲ್ಲಿ ಕೆರೆದರೆ ಉದುರುತ್ತಿತ್ತು.

"ಕಣ್ಣಿಗೆ ಕಾಣೋ ಕಡೆ ಮಾತ್ರ ನಾರು ಹಾಕಿದಾನೆ" ಎಂದರು ಅಕ್ಕ. "ನಾನು ಅಂಚು ನೋಡ್ತೀನಿ ಅಂತ ಗೊತ್ತು ಅವ್ನಿಗೆ. ಅಂಚಲ್ಲಿ ನೋಡಿದ್ರೆ ನಾರು ಗೊತ್ತಾಗತ್ತೆ ಅಂತ ನಾನೇ ಹೇಳ್ಕೊಟ್ಟಿದ್ದು."

ನಾನು ಆಗ ಅತ್ತೆ. ಅವರು ಅಳಲಿಲ್ಲ.

ಕಾಲೇಜಿನಲ್ಲಿ ವಿಚಾರಣೆ ಎಂಬ ಒಂದು ಶಾಸ್ತ್ರ ನಡೆಯಿತು. ಅಕ್ಕನ ಜೊತೆಗೆ ನಾನೂ ಒಳಗೆ ಹೋದೆ. ಯಾರು ನೀವು ಎಂದರು, ಎದುರುಮನೆಯವಳು ಎಂದೆ. ಉದ್ದ ಮೇಜಿನ ಆಚೆ ಕಾರ್ಯದರ್ಶಿ, ಪ್ರಿನ್ಸಿಪಾಲರು, ಮಂಡಳಿಯ ಇನ್ನಿಬ್ಬರು. ಮೂಲೆಯಲ್ಲಿ ಮೊಬೈಲು ನೋಡುತ್ತ ಕಂಟ್ರಾಕ್ಟರ್. ಅಕ್ಕ ಕುರ್ಚಿಗಳನ್ನು ಎಳೆದು, ಮನೆಯಲ್ಲಿಟ್ಟಿದ್ದ ತಮ್ಮ ಹಲಗೆಯನ್ನು ಒಂದು ಜೊತೆ ಕುರ್ಚಿಗಳ ಮೇಲೂ, ಕೊಯ್ದ ಹಲಗೆಯ ಒಂದು ಹೋಳನ್ನು ಇನ್ನೊಂದು ಜೊತೆಯ ಮೇಲೂ ಸೇತುವೆಯ ಹಾಗೆ ಇಟ್ಟರು. ಸೀರೆಯ ನೆರಿಗೆ ಎತ್ತಿ ಕಟ್ಟಿ ತಮ್ಮ ಹಲಗೆಯ ಮೇಲೆ ಹತ್ತಿ ನಿಂತರು. ನಿಂತಲ್ಲೇ ಕುಪ್ಪಳಿಸಿದರು. ಐವತ್ತು ದಾಟಿದ ಹೆಂಗಸು. ಹಲಗೆ ಬಗ್ಗಿತು, ಮತ್ತೆ ನೆಟ್ಟಗಾಯಿತು.

"ಇದು ನಂದು" ಎಂದು ಕೆಳಗಿಳಿದರು. ಕಾರ್ಯದರ್ಶಿಯ ಕಡೆ ತಿರುಗಿ, "ಅದು ನಿಮ್ಮದು. ಬನ್ನಿ ಸರ್, ಹತ್ತಿ. ಕುಣಿಯೋದು ಬೇಡ, ಸುಮ್ನೆ ನಿಂತ್ಕೊಳ್ಳಿ ಸಾಕು" ಎಂದರು.

ಯಾರೂ ಕದಲಲಿಲ್ಲ. ಪ್ರಿನ್ಸಿಪಾಲರು ಕಿಟಕಿಯ ಆಚೆ ನೋಡತೊಡಗಿದರು. ಆ ಮನುಷ್ಯ ಅಕ್ಕನ ಜೊತೆ ಇಪ್ಪತ್ತು ವರ್ಷ ಒಂದೇ ಕೊಠಡಿಯಲ್ಲಿ ಕೂತು ಪಾಠ ಮಾಡಿದವರು. ಹೊಟ್ಟಿಗೂ ನಾರಿಗೂ ವ್ಯತ್ಯಾಸ ಗೊತ್ತಿಲ್ಲದವರಲ್ಲ. ಗೊತ್ತಿದ್ದೂ ಕಿಟಕಿ ನೋಡಿದರು. ಕಂಟ್ರಾಕ್ಟರನ ಮೇಲಿನ ಸಿಟ್ಟು ಒಂದು ಬಗೆ, ಈ ಕಿಟಕಿ ನೋಡಿದವರ ಮೇಲಿನ ಸಿಟ್ಟು ಬೇರೆಯೇ. ಅದು ನನ್ನಲ್ಲಿ ಇನ್ನೂ ಆರಿಲ್ಲ.

"ಎಮೋಷನಲ್ ಆಗ್ಬೇಡಿ ಮೇಡಂ. ಆ ಹಲಗೆ ಎಲ್ಲಿಂದ ತಂದ್ರೋ ಯಾರಿಗ್ಗೊತ್ತು" ಎಂದರು ಕಾರ್ಯದರ್ಶಿ. ಅಡುಗೆಯಾಕೆಗೆ ಮಾತು ಕೊಟ್ಟಿದ್ದ ಅಕ್ಕ ತುಟಿ ಕಚ್ಚಿಕೊಂಡರು. ಆ ತಿಂಗಳೇ ಅವರನ್ನು ರಾಜೀನಾಮೆ ಬರೆಯುವಂತೆ ಮಾಡಿದರು. ಅವರ ಕೊಠಡಿಯಲ್ಲಿದ್ದ ಮಾದರಿ ಹಲಗೆಗಳನ್ನೆಲ್ಲ ಗುಜರಿಗೆ ಎತ್ತಿ ಹಾಕಿದರು. ಅಕ್ಕ ಠಾಣೆಗೆ ಹೋಗಿ ದೂರು ಕೊಟ್ಟರು. ಕೊಯ್ದ ಎರಡೂ ಹೋಳುಗಳನ್ನು ಪೊಲೀಸರು ಇಟ್ಟುಕೊಂಡರು.

ಅದಾದ ಮೇಲೆ ಅರಕಲಗೂಡಿನ ಆ ಹಳ್ಳಿಗೆ ಹೋದೆವು. ಹುಡುಗಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಹೋಗುವುದು ಬೇಡ ಎಂದು ನಾನು ಎಷ್ಟು ಹೇಳಿದರೂ ಅಕ್ಕ ಕೇಳಲಿಲ್ಲ. ಬಾಗಿಲಲ್ಲೇ ಅವಳ ತಾಯಿ ತಡೆದಳು.

"ನೀನೇನಾ ಆ ಅಲ್ಗೆ ಮಾಡ್ದೋಳು? ನನ್ ಮಗೀನ್ ಬೆನ್ ಮುರ್ದಾಕ್ಬುಟ್ಟು ಈಗ ಅಣ್ಣು ತಕಬಂದಿದ್ದೀಯಾ? ಓಗು, ನನ್ ಕಣ್ ಮುಂದೆ ನಿಂತ್ಕಬ್ಯಾಡ!"

ಕಿತ್ತಳೆ ಹಣ್ಣಿನ ಚೀಲವನ್ನು ಕಿತ್ತುಕೊಂಡು ಬೀದಿಗೆ ಎಸೆದಳು. ನನಗೆ ತಡೆಯಲಾಗಲಿಲ್ಲ. ಕಂಟ್ರಾಕ್ಟರ್ ಮಾಡಿದ್ದನ್ನೆಲ್ಲ ಹೇಳಲು ಬಾಯಿ ತೆರೆದೆ. ಅಕ್ಕ ನನ್ನ ಕೈ ಹಿಡಿದು ನಿಲ್ಲಿಸಿದರು.

"ಹಲಗೆ ನಂದಲ್ಲವ್ವ" ಎಂದರು ಆ ತಾಯಿಗೆ. "ಆದ್ರೆ ಅದಕ್ಕೆ ಇಟ್ಟಿದ್ದ ಹೆಸರು ನಂದು. ನೀವು ಬೈಯೋದು ಸರೀನೇ. ಮಗು ಹೆಂಗಿದಾಳೆ, ಅಷ್ಟು ಹೇಳಿ, ಹೋಗ್ತೀನಿ."

ಆ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದಳು. ಒಳಗೆ ಹುಡುಗಿ ನೆಲದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಪುಸ್ತಕಗಳಿದ್ದವು. ಕೂರಲು ಆಗುತ್ತಿರಲಿಲ್ಲ. ಪರೀಕ್ಷೆ ಬರೀಬೇಕು, ಆದ್ರೆ ಕೂತ್ಕೊಳಕೇ ಆಗಲ್ವಲ್ಲ ಎಂದಳು. ಅಕ್ಕ ಅವಳ ಬೆನ್ನು, ಸೊಂಟ, ತೋಳುಗಳ ಅಳತೆ ತೆಗೆದುಕೊಂಡರು, ದರ್ಜಿಯ ಹಾಗೆ.

ಮುಂದಿನ ತಿಂಗಳುಗಳಲ್ಲಿ ಎದುರುಮನೆಯ ಕಾರು ಶೆಡ್ಡು ಕಾರ್ಖಾನೆಯಾಯಿತು. ಒತ್ತುವ ಯಂತ್ರವಿಲ್ಲದೆ, ಕಲ್ಲು ಹೇರಿ, ತಿರುಪು ಬಿಗಿದು, ಕತ್ತಾಳೆ ನಾರಿನ ತೆಳುವಾದ ಹಲಗೆಗಳನ್ನು ಮಾಡಿದರು. ಬೆನ್ನಿನ ಬಾಗಿಗೆ ತಕ್ಕ ಹಾಗೆ ಬಾಗಿದ ಒಂದು ಒರಗು. ಅದಕ್ಕೆ ಸೇರಿಕೊಂಡ, ಮಲಗಿದಂತೆಯೇ ಒರಗಿ ಬರೆಯಬಹುದಾದ ಒಂದು ಇಳಿಜಾರು ಮೇಜು. ಎರಡನ್ನೂ ಒಬ್ಬರೇ ಎತ್ತುವಷ್ಟು ಹಗುರ. ಮೊದಲು ಮಾಡಿದ್ದು ಅವಳ ಸೊಂಟಕ್ಕೆ ಒತ್ತಿತು, ವಾಪಸು ತಂದರು. ಎರಡನೆಯದೂ ಸರಿಯಾಗಲಿಲ್ಲ. ವೈದ್ಯರನ್ನು ಕೇಳಿಕೊಂಡು ಮತ್ತೆ ಮಾಡಿದರು. ಅದರಲ್ಲಿ ಒರಗಿ ಹುಡುಗಿ ಪರೀಕ್ಷೆ ಬರೆದಳು, ಪಾಸಾದಳು. ಆ ದಿನ ಅವಳ ತಾಯಿ ನಮ್ಮಿಬ್ಬರಿಗೂ ಊಟ ಹಾಕದೆ ಬಿಡಲಿಲ್ಲ. ಹೊತ್ತು ಮುಳುಗೋದ್ರೊಳಗೆ ಉಣ್ಬೇಕಲ್ವಾ ಅಕ್ಕೋರು ಎಂದು ಮಧ್ಯಾಹ್ನವೇ ಒಲೆ ಹಚ್ಚಿದ್ದಳು.

ಪೊಲೀಸರಿಗೆ ಕೊಟ್ಟ ದೂರಿನ ಕೇಸು ಮಾತ್ರ ಕೋರ್ಟಿನಲ್ಲಿ ತೆವಳುತ್ತಲೇ ಇತ್ತು. ಪ್ರತಿ ಸಲವೂ ಕಂಟ್ರಾಕ್ಟರನ ವಕೀಲರಿಗೆ ಏನೋ ಅಡ್ಡಿ, ಪ್ರತಿ ಸಲವೂ ಮುಂದಿನ ತಾರೀಖು. ಅಕ್ಕ ಒಂದು ಸಲವೂ ತಪ್ಪಿಸಲಿಲ್ಲ. ಹಾಗೆ ಹೋಗಿ ಬಂದ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಎದೆ ಹಿಡಿದುಕೊಂಡು ನಿಂತರು. ನಾನು ಓಡಿಹೋಗುವಷ್ಟರಲ್ಲಿ... ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹೋದದ್ದಷ್ಟೇ.

ಮುಖ್ಯ ಸಾಕ್ಷಿ ಇಲ್ಲ ಎಂದು ಕೇಸು ಬಿದ್ದುಹೋಯಿತು. ಹಲಗೆಯಾದರೂ ಇದೆಯಲ್ಲ ಎಂದು ನಾನು ಠಾಣೆಗೆ ಹೋಗಿ ಕೇಳಿದೆ. ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸಿದರು. ಸೋರುವ ಮಾಡಿನ ಕೆಳಗೆ ಎರಡು ಮಳೆಗಾಲ ನೆನೆದು, ಒಳಗಿನ ಹೊಟ್ಟು ಉಬ್ಬಿ ಅಂಬಲಿಯಂತಾಗಿತ್ತು. "ಏನ್ ಮಾಡಕಾಯ್ತದೆ ಮೇಡಮ್ಮೋರೇ, ಇಡಕ್ಕೆ ಜಾಗ ಇಲ್ಲ" ಎಂದರು ಅಲ್ಲಿದ್ದವರು.

ಕಾಲೇಜಿನವರು ಶ್ರದ್ಧಾಂಜಲಿ ಸಭೆ ಮಾಡಿದರು. ಎಷ್ಟು ದಪ್ಪ ಚರ್ಮ ಇರಬೇಕು! ಅಕ್ಕನ ಫೋಟೋಗೆ ಹಾರ, ಹಿಂದೆ ದೊಡ್ಡ ಬ್ಯಾನರು. ನಮ್ಮ ಸಂಸ್ಥೆಯ ಹೆಮ್ಮೆ, ನಾರಿನ ಹಲಗೆಯ ರೂವಾರಿ ಎಂದು ಕಾರ್ಯದರ್ಶಿ ಗದ್ಗದಿತರಾಗಿ ಮಾತಾಡಿದರು. ನಾನು ಎದ್ದು ನಿಂತೆ. "ಅವರ ಕೊಠಡಿಗೆ ಬೀಗ ಹಾಕ್ಸಿದ್ದು ಯಾರು? ಹಲಗೆಗೆ ಹೊಟ್ಟು ತುಂಬಿಸಿದ್ದು ಯಾರು? ಅದನ್ನ ಮೊದ್ಲು ಹೇಳಿ. ಆಮೇಲೆ ಹೊಗಳಿ" ಎಂದೆ. ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ಧ್ವನಿ ನನ್ನದು, ಎಲ್ಲರಿಗೂ ಕೇಳಿಸಿತು. ಯಾರೋ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದರು. ಪ್ರಿನ್ಸಿಪಾಲರು ಅವತ್ತೂ ಕಿಟಕಿಯ ಪಕ್ಕದಲ್ಲೇ ಕೂತಿದ್ದರು.

ಆ ಹುಡುಗಿ ಈಗ ಅರಕಲಗೂಡಿನ ಸಹಕಾರಿ ಬ್ಯಾಂಕೊಂದರಲ್ಲಿ ಗುಮಾಸ್ತೆ. ಊರುಗೋಲು ಹಿಡಿದು ನಡೆಯುತ್ತಾಳೆ. ಹಾಸನಕ್ಕೆ ವೈದ್ಯರನ್ನು ನೋಡಲು ಬಂದಾಗಲೆಲ್ಲ ನಮ್ಮ ಮನೆಗೆ ಬಂದು ಹೋಗುತ್ತಾಳೆ. ಬಡಗಿ ಕೆಲಸ ಮುಗಿಸಿ ಹೋದ ಮಾರನೆಯ ದಿನ ಬಂದಿದ್ದಳು. ಎದುರುಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಅವಳು ಆ ಕಡೆ ನೋಡುತ್ತ ಕೂತಿದ್ದು ಕೇಳಿದಳು.

"ಮಿಸ್, ಅಕ್ಕೋರ್ಗೆ ಸಿಟ್ಟೇ ಬತ್ತಿರ್ಲಿಲ್ಲ ಅಲ್ವಾ? ಯಾವಾಗ್ ಬಂದ್ರೂ ನಗ್ನಗ್ತಾನೇ ಇರೋರು. ನಂಗೆ ಅವ್ರ ನಗಾನೇ ನೆನಪು."

ಅವಳ ಮನೆಯಿಂದ ಹೊರಟು ಬಸ್ಸು ಹತ್ತಿದ ಕೂಡಲೇ ಅಕ್ಕ ಮುಂದಿನ ಸೀಟಿನ ಸರಳನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು ಕೂರುತ್ತಿದ್ದರು. ಹಾಸನ ಬರುವ ತನಕ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದರು. ಅದನ್ನು ಕಂಡವಳು ನಾನೊಬ್ಬಳೇ.

"ಹೌದಮ್ಮ, ನಗ್ತಾನೇ ಇರೋರು" ಎಂದೆ.

ಅವಳನ್ನು ಆಟೋ ಹತ್ತಿಸಿ ಬಂದು ಜಗಲಿಯಲ್ಲಿ ಒಬ್ಬಳೇ ಕೂತೆ. ಹಳೇದನ್ನೆಲ್ಲ ಬಿಟ್ಬಿಡಿ, ಆರೋಗ್ಯ ನೋಡ್ಕೊಳಿ ಎಂದು ಮನೆಯವರು, ಬೀದಿಯವರು ಎಲ್ಲರೂ ಹೇಳುತ್ತಾರೆ. ನಗು ಆ ಹುಡುಗಿಗೆ ಸಿಕ್ಕಿದೆ, ಸರಿಯಾಗಿಯೇ ಸಿಕ್ಕಿದೆ. ಅಕ್ಕನಿಂದ ನನಗೆ ಉಳಿದಿರುವುದು ಅವರ ಸಿಟ್ಟು ಒಂದೇ. ಅದನ್ನೂ ಬಿಟ್ಟುಬಿಟ್ಟರೆ ಅವರು ಪೂರ್ತಿ ಹೋಗಿಬಿಡುತ್ತಾರೆ. ಬಿಡುವುದಿಲ್ಲ.